140 ಗಂಟೆಯ ಧ್ವನಿ ಇದೆ, 15 ಗಂಟೆಗಷ್ಟೇ ಹಣವಿದೆ: ಯಾವ ತುಣುಕುಗಳನ್ನು ಆರಿಸಬೇಕು?

ಚಂದ್ರಿಕೆ, ಶಿಡ್ಲಘಟ್ಟ | ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ರೇಷ್ಮೆ ಬೆಳೆಗಾರರಿಗಾಗಿ ನಾವು ಮೂವರು ಸೇರಿ ಒಂದು ಸಣ್ಣ ಸಹಾಯವಾಣಿ ನಡೆಸುತ್ತೇವೆ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೈತರು ಹೊತ್ತಲ್ಲದ ಹೊತ್ತಿನಲ್ಲಿ ಕರೆ ಮಾಡಿ ತಮ್ಮ ಪ್ರಶ್ನೆಯನ್ನು ಧ್ವನಿಮುದ್ರಿಸಿಡುತ್ತಾರೆ. ಬೆಳಿಗ್ಗೆ ನಾವು ಕೇಳಿ, ತಿರುಗಿ ಕರೆ ಮಾಡಿ ಉತ್ತರ ಹೇಳುತ್ತೇವೆ. ಎರಡು ವರ್ಷದಲ್ಲಿ 140 ಗಂಟೆಯಷ್ಟು ಧ್ವನಿ ಸೇರಿದೆ, ಬಳಸಿಕೊಳ್ಳಲು ಕರೆ ಮಾಡಿದವರ ಒಪ್ಪಿಗೆಯೂ ಇದೆ.

ತೊಂದರೆ ಏನೆಂದರೆ, ಬಂದ ಕರೆಗಳನ್ನೆಲ್ಲ ಸರದಿಯಂತೆ ಕೇಳಿ ಉತ್ತರಿಸುತ್ತಾ ಕೂತರೆ ಬೆಳಿಗ್ಗೆ ಹನ್ನೊಂದು ಗಂಟೆಯಾಗುತ್ತದೆ. "ನಾಲ್ಕನೇ ಜ್ವರದಿಂದ ಎದ್ದ ಹುಳು ಸೊಪ್ಪು ಮುಟ್ಟುತ್ತಿಲ್ಲ" ಎಂಬ ಪ್ರಶ್ನೆ ಸರದಿಯ ಕೊನೆಯಲ್ಲಿದ್ದರೆ ಅಷ್ಟರಲ್ಲಿ ಆ ಮನೆಯ ಬೆಳೆ ಮುಗಿದಿರುತ್ತದೆ. (ರೇಷ್ಮೆ ಗೊತ್ತಿಲ್ಲದವರಿಗೆ: ಹುಳು ಪೊರೆ ಬಿಡುವ ಹೊತ್ತಿಗೆ ನಾವು ಜ್ವರ ಎನ್ನುತ್ತೇವೆ, ಕಾಯಿಲೆ ಅಲ್ಲ.) ಮಾತು ಬರಹಕ್ಕಿಳಿದರೆ ಕಣ್ಣಾಡಿಸಿ ತುರ್ತಿನದನ್ನು ಮೊದಲು ಎತ್ತಿಕೊಳ್ಳಬಹುದು. ಮಾತನ್ನು ಬರಹಕ್ಕಿಳಿಸುವ ವಿಸ್ಪರ್ ಸ್ಮಾಲ್ ಎಂಬ ಕಂಪ್ಯೂಟರ್ ಮಾದರಿಯನ್ನು ನಮ್ಮ ಧ್ವನಿಗೆ ಹೊಂದುವಂತೆ ಫೈನ್‌ಟ್ಯೂನ್ ಮಾಡೋಣವೆಂದು, ಅಂದರೆ ಇನ್ನಷ್ಟು ಕಲಿಸೋಣವೆಂದು, ಹೊರಟಿದ್ದೇವೆ. ಕಲಿಸಲು ಧ್ವನಿಯ ಜೊತೆ ಮನುಷ್ಯರು ಕೇಳಿ ಬರೆದ ಸರಿಯಾದ ಬರಹವೂ ಬೇಕು. ಕೈಯಲ್ಲಿರುವ ಹಣಕ್ಕೆ 15 ಗಂಟೆಯ ಧ್ವನಿಯನ್ನು ಕೇಳಿ ಬರೆಸಬಹುದು, ಅಷ್ಟೇ.

ಮೊದಲ ಪ್ರಯತ್ನ ಹೇಳಿಬಿಡುತ್ತೇನೆ, ನಗಬೇಡಿ. ಮಾದರಿಗೆ ಯಾವುದು ಕಷ್ಟವೋ ಅದನ್ನೇ ಕಲಿಸಬೇಕು ಎಂದು ಎಲ್ಲೋ ಓದಿದ್ದೆ. ಎಲ್ಲ ತುಣುಕುಗಳನ್ನೂ ಮಾದರಿಗೆ ಕೊಟ್ಟು, ಅದು ತನ್ನ ಉತ್ತರದ ಮೇಲೆ ಎಷ್ಟು ವಿಶ್ವಾಸ ತೋರಿಸಿತು ಎಂಬ ಅಂಕದ ಪ್ರಕಾರ ಜೋಡಿಸಿ, ತೀರಾ ಕೆಳಗಿದ್ದ ಎರಡು ಗಂಟೆಯದನ್ನು ಬರೆಯುವವರಿಗೆ ಕಳುಹಿಸಿದೆ. ಮರುದಿನವೇ ಅವರ ಫೋನ್: "ಇದರಲ್ಲಿ ಬರೆಯುವುದಕ್ಕೆ ಏನಿದೆಯಮ್ಮಾ?"

ತೆರೆದು ಕೇಳಿದೆ. ಒಬ್ಬರು ಕರೆ ಕತ್ತರಿಸದೆ ಫೋನನ್ನು ಹುಳುಮನೆಯ ತಟ್ಟೆಯ ಮೇಲೆ ಇಟ್ಟು ಹೋಗಿದ್ದಾರೆ. ಎರಡು ನಿಮಿಷ ಪೂರ್ತಿ ಐದನೇ ಹಂತದ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು, ಹೆಂಚಿನ ಮೇಲೆ ಸೋನೆ ಬಿದ್ದ ಹಾಗೆ. ಮಾದರಿ ಅದಕ್ಕೆ "ಧನ್ಯವಾದಗಳು ಧನ್ಯವಾದಗಳು ಧನ್ಯವಾದಗಳು" ಎಂದು ಅರ್ಧ ಪುಟ ಬರೆದಿದೆ. ಉಳಿದವುಗಳಲ್ಲಿ ಟಿವಿ ಧಾರಾವಾಹಿ, ಔಷಧಿ ಸಿಂಪಡಿಸುವ ಯಂತ್ರ, ಗಾಳಿ. ಎರಡು ಗಂಟೆಯ ದುಡ್ಡು ನೀರಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಹಾಗಾದರೆ ಆರಿಸುವುದು ಹೇಗೆ?

ಅಂತರಗಂಗೆ, ಕೋಲಾರ | ಭಾನುವಾರ ರಾತ್ರಿ 11:05

ಮೇಡಂ, ನೀವು ಬಿದ್ದ ಹಳ್ಳಕ್ಕೆ ಬೀಳದವರು ಯಾರೂ ಇಲ್ಲ. ಮಾದರಿಯ ವಿಶ್ವಾಸ ಕಡಿಮೆಯಾಗುವುದಕ್ಕೆ ಕಾರಣ ಒಂದೇ ಅಲ್ಲ. ಮಾತು ಸ್ಪಷ್ಟವಾಗಿದ್ದರೂ ಪದ ಹೊಸದಿರಬಹುದು. ಮಾತಿನ ಧಾಟಿ ಹೊಸದಿರಬಹುದು. ಅಥವಾ ಅಲ್ಲಿ ಮಾತೇ ಇಲ್ಲದಿರಬಹುದು. ಮೊದಲ ಎರಡು ನಿಮಗೆ ಚಿನ್ನ, ಮೂರನೆಯದು ಮಣ್ಣು. ಅಂಕ ಮಾತ್ರ ಮೂರಕ್ಕೂ ಒಂದೇ ಬಣ್ಣ ಬಳಿಯುತ್ತದೆ. ಅದಕ್ಕೇ ಬುಡದ ಒಂದು ಪಾಲನ್ನು ಮೊದಲೇ ಕತ್ತರಿಸಿ ಎಸೆದು, ಅದರ ಮೇಲಿನ ಪಟ್ಟಿಯಿಂದ ಆರಿಸುವುದು ರೂಢಿ. ಅದಕ್ಕೂ ಮೊದಲು ಮಾತಿರುವ ಭಾಗವನ್ನು ಮಾತ್ರ ಕತ್ತರಿಸಿಕೊಡುವ ಸಾಧನಕ್ಕೆ ಎಲ್ಲವನ್ನೂ ಹಾಕಿ. ಸಿಲೆರೋ ಎಂಬುದು ಉಚಿತವಾಗಿ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಆದರೆ ಇದೆಲ್ಲ ಆಮೇಲೆ. ಮೊದಲು ಆರಿಸಬೇಕಾದದ್ದು ಕಲಿಕೆಯ ಧ್ವನಿಯನ್ನಲ್ಲ, ಪರೀಕ್ಷೆಯ ಧ್ವನಿಯನ್ನು. 15 ಗಂಟೆಯಲ್ಲಿ ಒಂದು ಗಂಟೆಯನ್ನು ಪರೀಕ್ಷೆಗೆಂದು ಎತ್ತಿಡಿ. ಅದನ್ನು ಬುದ್ಧಿ ಉಪಯೋಗಿಸದೆ, ಚೀಟಿ ಎತ್ತಿದಂತೆ ಆರಿಸಿ. ಪರೀಕ್ಷೆಯಲ್ಲಿರುವ ರೈತರ ಒಂದೇ ಒಂದು ತುಣುಕೂ ಕಲಿಕೆಗೆ ಹೋಗಬಾರದು. ಹೋದರೆ ಮಾದರಿ ಭಾಷೆಯನ್ನಲ್ಲ, ಆ ಮನುಷ್ಯರ ದನಿಯನ್ನೇ ಕಲಿತು ನಿಮಗೆ ಒಳ್ಳೆಯ ಅಂಕ ತೋರಿಸಿ ಮೋಸ ಮಾಡುತ್ತದೆ.

ಇನ್ನೊಂದು ಕೆಲಸ. ಕಂಪ್ಯೂಟರಿಗೆ ಏನನ್ನೂ ಹೇಳುವ ಮೊದಲು ಯಾವುದಾದರೂ 200 ತುಣುಕುಗಳನ್ನು ನೀವೇ ಕೂತು ಕೇಳಿ, ಒಂದೊಂದಕ್ಕೂ ಒಂದು ಸಾಲು ಬರೆದಿಡಿ. ಬೇಸರದ ಕೆಲಸ, ಒಪ್ಪುತ್ತೇನೆ. ನಾನು ಬೆಂಗಳೂರಿಗೆ ಹೋಗಿಬರುವ ರೈಲಿನಲ್ಲಿ ಮಾಡುತ್ತೇನೆ, ಒಂದು ವಾರ ಸಾಕು.

ಸಂಶಯಪ್ಪ, ಗೌರಿಬಿದನೂರು | ಸೋಮವಾರ ಬೆಳಿಗ್ಗೆ 7:15

ಇಷ್ಟೆಲ್ಲ ಪಾಡು ಏಕೆ? ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2024ರಲ್ಲಿ ಇಂಡಿಕ್‌ವಾಯ್ಸಸ್ ಎಂದು 22 ಭಾಷೆಗಳ 7,348 ಗಂಟೆಯ ಧ್ವನಿ ಬಿಡುಗಡೆ ಮಾಡಿದೆ, ಅದರಲ್ಲಿ ಕನ್ನಡವೂ ಇದೆ. ಆಕಾಶವಾಣಿಯ ವಾರ್ತೆಗಳಿಂದ ತೆಗೆದ ಶ್ರುತಿಲಿಪಿ ಇದೆ. ಐಐಎಸ್‌ಸಿಯ ಮೈಲ್ ಪ್ರಯೋಗಾಲಯದ ಕನ್ನಡ ಸಂಗ್ರಹವೂ ಇದೆ. ಎಲ್ಲವನ್ನೂ ಸುರಿದು ಕಲಿಸಿ. 15 ಗಂಟೆ ಆರಿಸುವ ಶಾಸ್ತ್ರ ಹೇಳುವವರಲ್ಲಿ ಬಹಳ ಜನ ಕೊನೆಗೆ ಚೀಟಿ ಎತ್ತಿದ್ದಕ್ಕಿಂತ ಕೂದಲೆಳೆಯಷ್ಟು ಮುಂದಿರುತ್ತಾರೆ. ವೇವ್‌2ವೆಕ್ 2.0 ಎಂಬ ಧ್ವನಿ ಮಾದರಿಯ 2020ರ ಪ್ರಬಂಧದಲ್ಲಿ ಬರಹವಿರುವ ಧ್ವನಿ ಹತ್ತೇ ನಿಮಿಷ ಇಟ್ಟುಕೊಂಡು ಕೆಲಸ ಸಾಧಿಸಿ ತೋರಿಸಿದ್ದಾರೆ.

ಕಲ್ಪತರು, ತಿಪಟೂರು | ಸೋಮವಾರ ಬೆಳಿಗ್ಗೆ 8:50

ಸಂಶಯಪ್ಪನವರೇ, ಆ ಹತ್ತು ನಿಮಿಷದ ಹಿಂದೆ ಬರಹವಿಲ್ಲದ 53,000 ಗಂಟೆ ಇಂಗ್ಲಿಷ್ ಧ್ವನಿ ಇತ್ತು ಎಂಬುದನ್ನು ಬಿಟ್ಟು ಹೇಳಿದಿರಿ. ಪರೀಕ್ಷೆಯೂ ಪುಸ್ತಕವನ್ನು ಗಟ್ಟಿಯಾಗಿ ಓದಿದ ಇಂಗ್ಲಿಷ್ ಧ್ವನಿಯ ಮೇಲೆ. ಹುಳುಮನೆಯಿಂದ ಮಾತಾಡುವ ರೈತ ಪುಸ್ತಕ ಓದುತ್ತಿಲ್ಲ. ವಾರ್ತೆಯೂ ಹಾಗೆಯೇ. ವಾರ್ತೆ ಓದುವವರು ವಾಕ್ಯವನ್ನು ಅರ್ಧಕ್ಕೆ ಬಿಟ್ಟು "ಅದೇ ಅದು, ಏನಂತಾರೆ..." ಎಂದು ತಡವರಿಸುವುದಿಲ್ಲ. ಇಂಡಿಕ್‌ವಾಯ್ಸಸ್ ಬೇರೆ ಮಾತು. ಅದರ ಮುಕ್ಕಾಲು ಪಾಲು ಓದಿಸಿದ್ದಲ್ಲ, ಸಹಜವಾಗಿ ಆಡಿದ್ದು. ಅದನ್ನು ಬುನಾದಿಗೆ ಬಳಸಿಕೊಳ್ಳಲಿ. ಅದರ ಮೇಲೆ ಏನನ್ನು ಕಟ್ಟಬೇಕು ಎಂಬುದಷ್ಟೇ ಚಂದ್ರಿಕೆ ಅವರ ಪ್ರಶ್ನೆ.

ನನ್ನ ಎಂ.ಟೆಕ್. ಕೆಲಸ ಇದೇ ವಿಷಯದ್ದಾದ್ದರಿಂದ ಒಂದು ದಾರಿ ಹೇಳುತ್ತೇನೆ. ಪ್ರತಿ ತುಣುಕನ್ನೂ ಹ್ಯೂಬರ್ಟ್ ಅಥವಾ ವೇವ್‌2ವೆಕ್ ಮಾದರಿಗೆ ಕೊಟ್ಟರೆ ಅದಕ್ಕೊಂದು ಅಂಕೆಗಳ ಸಾಲು (ಎಂಬೆಡಿಂಗ್) ಸಿಗುತ್ತದೆ. ಹತ್ತಿರದ ಸಾಲುಗಳೆಂದರೆ ಒಂದನ್ನೊಂದು ಹೋಲುವ ತುಣುಕುಗಳು. ಈಗ ಆರಿಸಬೇಕಾದ ಗುಂಪು ಹೇಗಿರಬೇಕೆಂದರೆ, ಬಿಟ್ಟುಹೋದ ಪ್ರತಿಯೊಂದು ತುಣುಕಿಗೂ ಆರಿಸಿದವರಲ್ಲಿ ಒಬ್ಬ ಹತ್ತಿರದ ನೆಂಟ ಇರಬೇಕು. ಪಂಚಾಯಿತಿಗೆ ಪ್ರತಿ ಕೇರಿಯಿಂದ ಒಬ್ಬರನ್ನು ಕಳುಹಿಸಿದ ಹಾಗೆ. ಒಂದೇ ಕೇರಿಯಿಂದ ಎರಡನೆಯವರನ್ನು ಸೇರಿಸಿದರೆ ಲಾಭ ಕಡಿಮೆ, ಮೂರನೆಯವರಿಗೆ ಇನ್ನೂ ಕಡಿಮೆ. ಇಂಥ ಗುಣವಿರುವ ಲೆಕ್ಕವನ್ನು ಸಬ್‌ಮಾಡ್ಯುಲರ್ ಎನ್ನುತ್ತಾರೆ. ಪ್ರತಿ ಸಲವೂ ಆ ಹೊತ್ತಿಗೆ ಅತಿ ಹೆಚ್ಚು ಲಾಭ ಕೊಡುವುದನ್ನೇ ಆಸೆಬುರುಕನಂತೆ ಎತ್ತಿಕೊಳ್ಳುತ್ತಾ ಹೋದರೂ, ಸಾಧ್ಯವಿರುವ ಅತ್ಯುತ್ತಮ ಆಯ್ಕೆಯ ಸುಮಾರು 63 ಪ್ರತಿಶತಕ್ಕೆ ಕಡಿಮೆಯಾಗದು ಎಂದು ನೆಮ್‌ಹೌಸರ್, ವುಲ್ಸಿ, ಫಿಶರ್ ಮೂವರೂ 1978ರಲ್ಲೇ ಸಾಧಿಸಿದ್ದಾರೆ.

ಎರಡು ಎಚ್ಚರಿಕೆ. ಆ ಭರವಸೆ ಇಷ್ಟು ತುಣುಕು ಎಂದು ಎಣಿಸುವಾಗಿನದು. ನಿಮ್ಮ ಮಿತಿ ಇರುವುದು ಗಂಟೆಯಲ್ಲಿ. ಲಾಭವನ್ನು ತುಣುಕಿನ ಸೆಕೆಂಡುಗಳಿಂದ ಭಾಗಿಸದಿದ್ದರೆ ಉದ್ದುದ್ದನೆಯವೇ ಬಂದು ಜಾಗ ಹಿಡಿಯುತ್ತವೆ. ಇನ್ನು, 140 ಗಂಟೆಯನ್ನು ಎಂಟೆಂಟು ಸೆಕೆಂಡಿಗೆ ಕತ್ತರಿಸಿದರೆ 63,000 ತುಣುಕು. ಪ್ರತಿಯೊಂದನ್ನೂ ಪ್ರತಿಯೊಂದರ ಜೊತೆ ಹೋಲಿಸಿದ ಕೋಷ್ಟಕಕ್ಕೇ 16 ಜಿಬಿ ಹತ್ತಿರ ಮೆಮೊರಿ ಬೇಕು. ಮೊದಲು ಕೆಲವು ನೂರು ಗುಂಪುಗಳಾಗಿ ಒಡೆದು, ಗುಂಪಿನೊಳಗೆ ಹೋಲಿಸಿ.

ಗಡಿಮೇಷ್ಟರು, ಮುಳಬಾಗಿಲು | ಸೋಮವಾರ ಮಧ್ಯಾಹ್ನ 3:20

ನಾನು ನಿವೃತ್ತ ಶಾಲಾ ಶಿಕ್ಷಕ. ಮೂರು ವರ್ಷದಿಂದ ಇಂಥ ಧ್ವನಿಗಳನ್ನು ಕೇಳಿ ಬರೆಯುವ ಕೆಲಸ ಮಾಡುತ್ತಿದ್ದೇನೆ. ನೀವೆಲ್ಲ ಧ್ವನಿ ಆರಿಸುವ ಮಾತಾಡುತ್ತಿದ್ದೀರಿ, ಬರಹದ ಮಾತು ಯಾರೂ ಎತ್ತಲಿಲ್ಲ. ಒಂದು ಗಂಟೆಯ ಧ್ವನಿಗೆ ನನಗೆ ಏಳೆಂಟು ಗಂಟೆ ಹಿಡಿಯುತ್ತದೆ. ಅದರಲ್ಲಿ ಕೇಳುವುದಕ್ಕೆ ಹೋಗುವುದು ಅರ್ಧ, ಹೇಗೆ ಬರೆಯಬೇಕೆಂದು ತಲೆ ಕೆಡಿಸಿಕೊಳ್ಳುವುದಕ್ಕೆ ಇನ್ನರ್ಧ.

ಹಿಂದೆ ಒಂದು ಕಡೆ ಕೆಲಸ ಮಾಡುವಾಗ ನಾನೂ ಇನ್ನೊಬ್ಬರೂ ಒಂದೇ ಧ್ವನಿಯನ್ನು ಬೇರೆ ಬೇರೆಯಾಗಿ ಬರೆದೆವು, ಪರೀಕ್ಷೆಗೆಂದು. ರೈತ "ಬಂದೈತೆ" ಎಂದದ್ದನ್ನು ನಾನು ಹಾಗೆಯೇ ಬರೆದೆ, ಅವರು "ಬಂದಿದೆ" ಎಂದು ತಿದ್ದಿದರು. ನಾನು "ಇನ್ನೂರೈವತ್ತು" ಎಂದು ಬರೆದೆ, ಅವರು 250 ಎಂದು ಅಂಕಿ ಹಾಕಿದರು. ನಾನು "ಎದ್ದುಬಿಟ್ಟಿದೆ" ಎಂದು ಕೂಡಿಸಿದೆ, ಅವರು ಬಿಡಿಸಿದರು. ಇಬ್ಬರದೂ ಸರಿಯೇ. ಆದರೆ ಪದ ಎಣಿಸುವ ಯಂತ್ರ "ಎದ್ದುಬಿಟ್ಟಿದೆ" ಎಂಬ ಒಂದು ಪದದ ಜಾಗದಲ್ಲಿ ಎರಡನ್ನು ಕಂಡು, ಒಂದು ತಪ್ಪು ಪದ, ಒಂದು ಹೆಚ್ಚುವರಿ ಪದ ಎಂದು ಎರಡು ತಪ್ಪು ಹಾಕುತ್ತದೆ. ಒಂದು ಪದಕ್ಕೆ ಎರಡು ತಪ್ಪು! ನಾನು ಮಕ್ಕಳ ಉತ್ತರಪತ್ರಿಕೆಯನ್ನು ಹೀಗೆ ತಿದ್ದಿದ್ದರೆ ಊರವರು ಶಾಲೆಗೆ ಬೀಗ ಹಾಕುತ್ತಿದ್ದರು.

ಇನ್ನೂ ವಿಚಿತ್ರ ಹೇಳುತ್ತೇನೆ. ನನ್ನ "ಕೋಲಾರ" ಅವರ "ಕೋಲಾರ"ಕ್ಕೆ ಹೊಂದುತ್ತಿರಲಿಲ್ಲ. ಕಣ್ಣಿಗೆ ಎರಡೂ ಒಂದೇ. ಒಳಗೆ ನೋಡಿದರೆ, ಒಂದರಲ್ಲಿ ದೀರ್ಘ ಓಕಾರಕ್ಕೆ ಒಂದೇ ಸಂಕೇತ, ಇನ್ನೊಂದರಲ್ಲಿ ಹ್ರಸ್ವ ಒಕಾರದ ಮುಂದೆ ದೀರ್ಘದ ಚಿಹ್ನೆ ಬೇರೆಯಾಗಿ ಕೂತಿದೆ. ಎಲ್ಲ ಬರಹವನ್ನೂ ಯುನಿಕೋಡಿನ (ಅಕ್ಷರಗಳಿಗೆ ಕಂಪ್ಯೂಟರಿನಲ್ಲಿರುವ ಸಂಕೇತಪಟ್ಟಿ) ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದಮೇಲೆ ಸರಿಹೋಯಿತು.

ಚಂದ್ರಿಕೆಯವರೇ, ಬರೆಯುವವರಿಗೆ ಮೊದಲು ಒಂದು ಪುಟದ ನಿಯಮ ಕೊಡಿ. ಆಮೇಲೆ ಆರಿಸಿ.

ಪಾವಗಡದ ಬಿಸಿಲು | ಸೋಮವಾರ ರಾತ್ರಿ 10:10

ನನ್ನ ಬಳಿ 12 ಜಿಬಿಯ ಗ್ರಾಫಿಕ್ ಕಾರ್ಡ್ ಇದೆ. ಇಂಥ ಕೆಲಸಕ್ಕೆ ಸಾಕೇ, ಬಾಡಿಗೆಗೆ ತೆಗೆದುಕೊಳ್ಳಬೇಕೇ?

ಅಂತರಗಂಗೆ, ಕೋಲಾರ | ಸೋಮವಾರ ರಾತ್ರಿ 10:45

ವಿಸ್ಪರ್ ಸ್ಮಾಲ್‌ನಲ್ಲಿ ಇರುವುದು 24.4 ಕೋಟಿ ನಿಯತಾಂಕ (ಕಲಿಯುವಾಗ ಬದಲಾಗುವ ಒಳಗಿನ ಸಂಖ್ಯೆಗಳು). ಎಲ್ಲವನ್ನೂ ಕದಲಿಸದೆ ಬದಿಯಲ್ಲಿ ಸಣ್ಣ ಪದರಗಳನ್ನಷ್ಟೇ ಕಲಿಸುವ ಲೋರಾ ವಿಧಾನ 2021ರಿಂದ ಇದೆ. ಅದರಲ್ಲಿ ನಿಮ್ಮ 12 ಜಿಬಿ ಧಾರಾಳವಾಗಿ ಸಾಕು. ಇಲ್ಲಿ ದುಬಾರಿಯಾದದ್ದು ಕಾರ್ಡ್ ಅಲ್ಲ ಸ್ವಾಮಿ, ಮೇಷ್ಟರ ಕಿವಿ. ಉಳಿಸಬೇಕಾದದ್ದು ಅದನ್ನು.

ಮೇಷ್ಟರ ಮಾತಿಗೆ ಎರಡು ಸೇರಿಸುತ್ತೇನೆ, ಎರಡೂ ನಾನು ಪೆಟ್ಟು ತಿಂದು ಕಲಿತದ್ದು. ವಿಸ್ಪರ್ ಜೊತೆಗೆ, ಅಂಕ ಹಾಕುವ ಮೊದಲು ಬರಹವನ್ನು ಶುದ್ಧ ಮಾಡುವ ಒಂದು ಸಾಮಾನ್ಯ ಉಪಕರಣ ಬರುತ್ತದೆ. ಅದು ವಿರಾಮಚಿಹ್ನೆಗಳ ಜೊತೆಗೆ ಯುನಿಕೋಡಿನಲ್ಲಿ ಗುರುತು ಎಂಬ ವರ್ಗಕ್ಕೆ ಸೇರಿದ ಎಲ್ಲವನ್ನೂ ಅಳಿಸಿ ಖಾಲಿ ಜಾಗ ಬಿಡುತ್ತದೆ. ನಮ್ಮ ಗುಣಿತದ ಚಿಹ್ನೆಗಳು, ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ ಎಲ್ಲವೂ ಅದೇ ವರ್ಗ. ಹೀಗಾಗಿ "ಹುಳು" ಎಂಬುದು "ಹ ಳ" ಆಗುತ್ತದೆ. "ಹಾಳು" ಎಂಬುದೂ "ಹ ಳ". ತಿಪಟೂರಿನವರ ಕೊಬ್ಬರಿ "ಹೋಳು" ಕೂಡ "ಹ ಳ"ವೇ! ರೈತ ಹುಳು ಎಂದದ್ದನ್ನು ಮಾದರಿ ಹಾಳು ಎಂದು ಬರೆದರೂ ಪೂರ್ಣ ಅಂಕ. ನಾನು ಒಂದು ತಿಂಗಳು ಇದೇ ಅಂಕ ನೋಡಿ ಬೀಗುತ್ತಿದ್ದೆ. ಆ ಉಪಕರಣವನ್ನು ತೆಗೆದುಹಾಕಿ, ಪದದ ತಪ್ಪಿನ ಜೊತೆಗೆ ಅಕ್ಷರದ ತಪ್ಪನ್ನೂ ಬೇರೆಯಾಗಿ ಎಣಿಸಿ.

ಇನ್ನೊಂದು. ವಿಸ್ಪರ್ 30 ಸೆಕೆಂಡಿನ ಕಿಟಕಿಯಲ್ಲಿ ಕೇಳುತ್ತದೆ, ಆದರೆ ಒಂದು ಸಲಕ್ಕೆ ಬರೆಯುವ ಮಿತಿ 448 ಟೋಕನ್ (ಪದದ ಚೂರು). ಇಂಗ್ಲಿಷಿಗೆ ಅದು ಧಾರಾಳ. ಕನ್ನಡದ ಒಂದೊಂದು ಸಂಕೇತಕ್ಕೂ, ಕಂಪ್ಯೂಟರ್ ಬರಹ ಉಳಿಸುವ ಯುಟಿಎಫ್-8ರಲ್ಲಿ, 3 ಬೈಟ್ ಬೇಕು. "ಕ್ಷೇ" ಎಂಬ ಒಂದು ಅಕ್ಷರದಲ್ಲಿ ನಾಲ್ಕು ಸಂಕೇತ, 12 ಬೈಟ್. ವಿಸ್ಪರ್ ಕನ್ನಡವನ್ನು ಚಿಕ್ಕ ಚಿಕ್ಕ ಚೂರುಗಳಾಗಿ ಒಡೆಯುವುದರಿಂದ, ಉಸಿರು ಬಿಡದೆ ಮಾತಾಡುವ ರೈತನ 30 ಸೆಕೆಂಡು ಆ ಮಿತಿಯೊಳಗೆ ಹಿಡಿಸುವುದಿಲ್ಲ. ಅಂಥ ತುಣುಕು ಕಲಿಕೆಗೆ ಹೋದರೆ ಬಾಲ ಕತ್ತರಿಸಿದ ಬರಹ ಹೋಗುತ್ತದೆ, ಇಲ್ಲವೇ ಕಲಿಸುವ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. 10-12 ಸೆಕೆಂಡಿಗಿಂತ ಉದ್ದ ಬೇಡ.

ಚಂದ್ರಿಕೆ, ಶಿಡ್ಲಘಟ್ಟ | ಮುಂದಿನ ಭಾನುವಾರ ರಾತ್ರಿ 8:30

ಎಲ್ಲರಿಗೂ ಧನ್ಯವಾದ. (ಹುಳು ಮೇಯುವ ಸದ್ದಿಗಲ್ಲ, ನಿಜವಾಗಿಯೂ.) 200 ತುಣುಕು ಕೇಳಿ ಮುಗಿಸಿದೆ. ಕಂಡದ್ದು:

ಒಬ್ಬರೇ ರೈತರು ಪ್ರತಿದಿನ ಕರೆ ಮಾಡುತ್ತಾರೆ. ಪ್ರಶ್ನೆ ಇರಲಿ ಬಿಡಲಿ, ಅಂದಿನ ರೇಷ್ಮೆಗೂಡಿನ ದರ ಹೇಳಿ, ಮಳೆ ಬಂದಿತೇ ಎಂದು ಕೇಳಿ ಇಡುತ್ತಾರೆ. ಒಳ್ಳೆಯ ಮನುಷ್ಯ. ಆದರೆ ಚೀಟಿ ಎತ್ತಿದರೆ ಅವರದೇ ದನಿ ಮತ್ತೆ ಮತ್ತೆ ಬರುತ್ತದೆ. ಆದ್ದರಿಂದ ಒಂದು ಫೋನ್ ಸಂಖ್ಯೆಗೆ ಹೆಚ್ಚೆಂದರೆ ಮೂರು ನಿಮಿಷ ಎಂದು ಕಟ್ಟು ಹಾಕಿದೆ.

ಚಿಂತಾಮಣಿ, ಬಾಗೇಪಲ್ಲಿ ಕಡೆಯಿಂದ ಬರುವ ಕರೆಗಳಲ್ಲಿ ಕನ್ನಡದಲ್ಲಿ ಶುರುವಾದ ಮಾತು ಸಿಟ್ಟು ಬಂದ ಕೂಡಲೇ ತೆಲುಗಿಗೆ ಹೊರಳುತ್ತದೆ, ಲೆಕ್ಕ ಹೇಳುವಾಗಲೂ ಅಷ್ಟೇ. ಇದನ್ನು ಬಿಡಬೇಕೋ ಇಟ್ಟುಕೊಳ್ಳಬೇಕೋ ತಿಳಿಯದು.

ಕಲ್ಪತರು ಅವರು ಹೇಳಿದಂತೆ ಗುಂಪುಗಳನ್ನೂ ಮಾಡಿ ನೋಡಿದೆ. ಒಂದು ಗುಂಪು ತೆರೆದರೆ ಎಲ್ಲವೂ ಹಳೆಯ ಗುಂಡಿ ಒತ್ತುವ ಫೋನಿನಿಂದ ಬಂದವು. ಇನ್ನೊಂದರಲ್ಲಿ ಎಲ್ಲವೂ ಸಂತೆ ಬೀದಿಯವು. ಏನು ಮಾತಾಡಿದರು ಎಂಬುದರ ಪ್ರಕಾರವಲ್ಲ, ಎಲ್ಲಿಂದ, ಯಾವುದರಲ್ಲಿ ಮಾತಾಡಿದರು ಎಂಬುದರ ಪ್ರಕಾರ ಗುಂಪಾಗಿದೆ. ನಮಗೆ ತೀರಾ ಬೇಕಾದ ಪದಗಳೋ, ಹುಳುವಿನ ಕಾಯಿಲೆಗಳಾದ ಹಾಲುತೊಂಡೆ, ಸುಣ್ಣಕಟ್ಟು, ಸಪ್ಪೆ ರೋಗ, ಹುಳುವನ್ನು ಕಾಡುವ ಊಜಿ ನೊಣ, ಯಾವ ಗುಂಪಿನಲ್ಲಿವೆ ಎಂದೇ ಗೊತ್ತಾಗುವುದಿಲ್ಲ.

ಕಲ್ಪತರು, ತಿಪಟೂರು | ಭಾನುವಾರ ರಾತ್ರಿ 9:25

ಅದು ನಿರೀಕ್ಷಿತವೇ. ಇಡೀ ತುಣುಕಿನ ಸರಾಸರಿ ತೆಗೆದರೆ ಫೋನಿನ ಗುಣ, ದನಿಯ ಗುಣವೇ ಮೇಲೇಳುತ್ತದೆ. ಹಾಗೆಂದು ವ್ಯರ್ಥವಲ್ಲ, ಫೋನುಗಳ ವೈವಿಧ್ಯವೂ ಬೇಕಲ್ಲ. ಕರೆಯ ಧ್ವನಿ 8 ಕಿಲೋಹರ್ಟ್ಸ್‌ನದಾದರೆ (ಸೆಕೆಂಡಿಗೆ 8,000 ಸಲ ಅಳೆದದ್ದು) ಅದನ್ನು ವಿಸ್ಪರ್‌ಗೆ ಬೇಕಾದ 16ಕ್ಕೆ ಏರಿಸಬಹುದು, ಆದರೆ ಕಳೆದುಹೋದ "ಸ", "ಷ"ಗಳ ಚೂಪು ಮರಳಿ ಬರುವುದಿಲ್ಲ. ಮಾದರಿ ಅಂಥದ್ದನ್ನೇ ಕೇಳಿ ಕಲಿಯಬೇಕು.

ಪದಗಳ ವಿಷಯಕ್ಕೆ ಬರಹದ ಕಡೆಯಿಂದ ಹೋಗಿ. ಮೂರ್ ಮತ್ತು ಲೂಯಿಸ್ 2010ರಲ್ಲಿ ಭಾಷಾ ಮಾದರಿಗಳಿಗೆಂದು (ಒಂದು ಪದದ ನಂತರ ಯಾವುದು ಬರಬಹುದು ಎಂದು ಊಹಿಸುವಂಥವು) ಹೇಳಿದ ಉಪಾಯ: ನಿಮ್ಮ ವಿಷಯದ ಬರಹದಿಂದ ಒಂದು ಸಣ್ಣ ಭಾಷಾ ಮಾದರಿ, ಸಾಮಾನ್ಯ ಬರಹದಿಂದ ಇನ್ನೊಂದು. ಯಾವ ವಾಕ್ಯ ಮೊದಲನೆಯದಕ್ಕೆ ಸಹಜ, ಎರಡನೆಯದಕ್ಕೆ ಅಪರೂಪವೋ ಅದನ್ನು ಆರಿಸಿ. ಮಾದರಿ ಈಗ ಬರೆದುಕೊಡುವ ಹಸಿ ಬರಹದ ಮೇಲೆಯೇ ಇದನ್ನು ಓಡಿಸಬಹುದು.

ಚಂದ್ರಿಕೆ, ಶಿಡ್ಲಘಟ್ಟ | ಭಾನುವಾರ ರಾತ್ರಿ 9:50

ಓಡಿಸಬಹುದು. ಆದರೆ ಈಗಿನ ಮಾದರಿ "ಊಜಿ ನೊಣ" ಎಂದದ್ದನ್ನು "ಊಟಿಗೆ ಹೋಣ" ಎಂದು ಬರೆದಿದೆ. ಆ ವಾಕ್ಯವನ್ನು ನೋಡಿದ ಯಾವ ಭಾಷಾ ಮಾದರಿ ತಾನೇ ಇದು ರೇಷ್ಮೆಯ ಮಾತು ಎಂದುಕೊಳ್ಳುತ್ತದೆ? ಪ್ರವಾಸಿ ಬಸ್ಸಿನವರಿಗೆ ಕಳುಹಿಸುತ್ತದೆ.

ಗಡಿಮೇಷ್ಟರು, ಮುಳಬಾಗಿಲು | ಸೋಮವಾರ ಬೆಳಿಗ್ಗೆ 6:30

ನಕ್ಕೂ ನಕ್ಕೂ ಸಾಕಾಯಿತು ತಾಯಿ. ಒಂದು ಪ್ರಶ್ನೆ. ಬೆಳಿಗ್ಗೆ ಕರೆಗಳನ್ನು ಕೇಳುವಾಗ ನೀವು ಎಲ್ಲಾದರೂ ಬರೆದಿಟ್ಟುಕೊಳ್ಳುತ್ತೀರಾ? ಯಾವ ಊರು, ಏನು ಕಾಯಿಲೆ ಎಂದು?

ಚಂದ್ರಿಕೆ, ಶಿಡ್ಲಘಟ್ಟ | ಸೋಮವಾರ ಬೆಳಿಗ್ಗೆ 7:45

ಮೇಷ್ಟರೇ! ರಿಜಿಸ್ಟರ್ ಇದೆ! ಕೆಂಪು ರಟ್ಟಿನ ಐದು ಪುಸ್ತಕ. ದಿನಾಂಕ, ಹೊತ್ತು, ಹೆಸರು, ಊರು, ಎಷ್ಟು ಮೊಟ್ಟೆ ಮೇಯಿಸುತ್ತಿದ್ದಾರೆ, ಯಾವ ಹಂತದ ಹುಳು, ತೊಂದರೆ ಏನು, ಏನು ಹೇಳಿದೆವು, ಎಲ್ಲವೂ ಇದೆ. ಎರಡು ವರ್ಷದಿಂದ ಮೇಜಿನ ಮೇಲೇ ಇದೆ, ನನಗೆ ಹೊಳೆಯಲೇ ಇಲ್ಲವಲ್ಲ.

ಅಂತರಗಂಗೆ, ಕೋಲಾರ | ಸೋಮವಾರ ಬೆಳಿಗ್ಗೆ 8:20

ಮೇಷ್ಟರಿಗೆ ದೊಡ್ಡ ನಮಸ್ಕಾರ. ನಾವೆಲ್ಲ ಎಂಬೆಡಿಂಗ್ ಎಂದು ಒದ್ದಾಡುತ್ತಿದ್ದೆವು, ಮನುಷ್ಯರೇ ಕೇಳಿ ವಿಂಗಡಿಸಿದ ಪಟ್ಟಿ ಮೇಜಿನ ಮೇಲಿತ್ತು. ಆ ಐದು ಪುಸ್ತಕವನ್ನು ಸ್ಪ್ರೆಡ್‌ಶೀಟಿಗೆ ಇಳಿಸಿ. ತೊಂದರೆ, ಹಂತ, ಹೋಬಳಿ, ಈ ಮೂರರ ಪ್ರಕಾರ ಖಾನೆಗಳನ್ನು ಮಾಡಿ, ಒಂದೊಂದು ಖಾನೆಯಿಂದ ಇಷ್ಟಿಷ್ಟು ಎಂದು ಎತ್ತಿ. ಹದಿನಾಲ್ಕು ಗಂಟೆಯನ್ನೂ ಒಂದೇ ಸಲ ಬರೆಸಬೇಡಿ. ಮೊದಲು ಐದು ಬರೆಸಿ, ಕಲಿಸಿ, ಎಲ್ಲಿ ಎಡವುತ್ತದೆ ನೋಡಿ, ಮುಂದಿನ ಐದನ್ನು ಆಮೇಲೆ ಆರಿಸಿ. ಕಲಿಸುವಾಗ ಸಾಮಾನ್ಯ ಕನ್ನಡದ ಧ್ವನಿಯನ್ನೂ ಒಂದು ಪಾಲು ಬೆರೆಸುತ್ತಿರಿ. ಇಲ್ಲದಿದ್ದರೆ ಹುಳುವಿನ ಭಾಷೆ ಕಲಿಯುವ ಭರದಲ್ಲಿ ಇದ್ದ ಕನ್ನಡವನ್ನೂ ಮರೆತೀತು.

ಸಂಶಯಪ್ಪ, ಗೌರಿಬಿದನೂರು | ಸೋಮವಾರ ಬೆಳಿಗ್ಗೆ 9:00

ರಿಜಿಸ್ಟರ್ ವಿಚಾರ ಒಪ್ಪಿದೆ. ಆದರೂ ನನ್ನದೊಂದು ಷರತ್ತು. ಅಷ್ಟೇ ಐದು ಗಂಟೆ ಚೀಟಿ ಎತ್ತಿಯೂ ಬರೆಸಿ, ಹೋಲಿಸಿ. ಗಂಟೆ ಸಮ ಇರಬೇಕು, ಕಲಿಸುವ ಸುತ್ತುಗಳೂ ಸಮ ಇರಬೇಕು, ಒಂದೊಂದನ್ನೂ ಬೇರೆ ಬೇರೆ ಆರಂಭಬಿಂದುವಿನಿಂದ ಮೂರು ಸಲ ಕಲಿಸಬೇಕು. ಒಂದೇ ಸಲ ಓಡಿಸಿ ಅರ್ಧ ಅಂಕ ಹೆಚ್ಚು ಬಂದಿತೆಂದು ಜಾತ್ರೆ ಮಾಡಬಾರದು. ಚೀಟಿ ಎತ್ತಿದ ಐದು ಗಂಟೆಯೂ ಹಾಳಾಗುವುದಿಲ್ಲ, ಕೊನೆಗೆ ಎಲ್ಲವನ್ನೂ ಸೇರಿಸಿ ಕಲಿಸಬಹುದು.

ಚಂದ್ರಿಕೆ, ಶಿಡ್ಲಘಟ್ಟ | ಐದು ವಾರಗಳ ನಂತರ, ಶನಿವಾರ

ತಡವಾಗಿದ್ದಕ್ಕೆ ಕ್ಷಮಿಸಿ. ನಡುವೆ ನಮ್ಮ ಮನೆಯಲ್ಲೇ ಒಂದು ಬೆಳೆ ಹಣ್ಣಾಯಿತು, ಹುಳುಗಳನ್ನು ಚಂದ್ರಿಕೆಗೆ (ಗೂಡು ಕಟ್ಟಲು ಬಿಡುವ ತಟ್ಟೆ, ನನ್ನ ಹೆಸರೂ ಅದೇ) ಬಿಡುವ ವಾರ ಯಾರಿಗೂ ಕಂಪ್ಯೂಟರಿನ ನೆನಪಿರುವುದಿಲ್ಲ.

ಸಂಶಯಪ್ಪನವರು ಹೇಳಿದ ಹಾಗೆಯೇ ಮಾಡಿದೆವು. ಐದು ಗಂಟೆ ರಿಜಿಸ್ಟರ್ ನೋಡಿ ಆರಿಸಿದ್ದು, ಐದು ಗಂಟೆ ಚೀಟಿ ಎತ್ತಿದ್ದು, ಎರಡನ್ನೂ ಮೂರು ಮೂರು ಸಲ. ಒಟ್ಟಾರೆ ಅಕ್ಷರದ ತಪ್ಪಿನಲ್ಲಿ ಎರಡಕ್ಕೂ ಹೇಳಿಕೊಳ್ಳುವ ಅಂತರವಿಲ್ಲ. ಒಂದು ಸಲ ಇದು ಮುಂದೆ, ಒಂದು ಸಲ ಅದು ಮುಂದೆ. ಸಂಶಯಪ್ಪನವರೇ, ನೀವು ಈ ಸಾಲಿಗೇ ಕಾಯುತ್ತಿದ್ದಿರಿ ಎಂದು ಗೊತ್ತು.

ಆದರೆ ರೋಗದ ಹೆಸರು, ಹುಳುವಿನ ಹಂತ, ಔಷಧದ ಹೆಸರು, ಇವಿಷ್ಟನ್ನೇ ಪಟ್ಟಿ ಮಾಡಿ ಅವೆಷ್ಟು ಸರಿ ಬಂದವು ಎಂದು ಎಣಿಸಿದಾಗ ರಿಜಿಸ್ಟರ್ ಪಾಲಿನದು ಮೂರಕ್ಕೆ ಮೂರು ಸಲವೂ ಸ್ಪಷ್ಟವಾಗಿ ಮುಂದಿತ್ತು. ಚೀಟಿಯ ಐದು ಗಂಟೆಯಲ್ಲಿ ಊಜಿ ಎಂಬ ಪದ ಬಂದಿದ್ದೇ ಎರಡು ಕಡೆ. ಬೆಳಿಗ್ಗೆ ತುರ್ತಿನ ಕರೆ ಎತ್ತಿಕೊಳ್ಳಲು ನಮಗೆ ಬೇಕಾದದ್ದು ಆ ಪದಗಳೇ.

ಇನ್ನು ನಾವು ಯಾರೂ ಊಹಿಸದಿದ್ದದ್ದು. ಹೆಂಗಸರ ಕರೆಗಳಲ್ಲಿ ರಿಜಿಸ್ಟರ್ ಪಾಲಿನ ಮಾದರಿ ಹಿಂದೆ ಬಿತ್ತು, ಚೀಟಿಯದು ಚೆನ್ನಾಗಿತ್ತು. ಏಕೆಂದು ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಕೆಂಪು ಪುಸ್ತಕವನ್ನೇ ತೆರೆದು ಧ್ವನಿಯ ಜೊತೆ ಸಾಲು ಸಾಲಾಗಿ ಹೊಂದಿಸಿ ನೋಡಿದೆ. ಕರೆ ಮಾಡಿ ಮಾತಾಡಿದವರು ಹೆಂಡತಿ, ಪುಸ್ತಕದಲ್ಲಿ ಬರೆದಿರುವುದು ಗಂಡನ ಹೆಸರು. ಜಮೀನು ಅವರ ಹೆಸರಿನಲ್ಲಿದೆ, ಮೊಟ್ಟೆ ಕೊಂಡ ರಸೀದಿ ಅವರ ಹೆಸರಿನಲ್ಲಿದೆ, ಹಾಗಾಗಿ ನಾವೂ ಹಾಗೆಯೇ ಬರೆದುಕೊಂಡಿದ್ದೇವೆ. "ನಾವು" ಎಂದೆ. ಅದರಲ್ಲಿ ಅರ್ಧ ಪುಟಗಳ ಕೈಬರಹ ನನ್ನದೇ. ಹುಳುಮನೆಯಲ್ಲಿ ಹಗಲೂ ರಾತ್ರಿ ಸೊಪ್ಪು ಹಾಕುವವರು ಹೆಂಗಸರು, ಪುಸ್ತಕದ ಹೆಸರು ನೋಡಿ ಆರಿಸಿದ ಪಟ್ಟಿಯಲ್ಲಿ ಅವರೇ ಕಾಣೆ. ರಿಜಿಸ್ಟರ್ ಪಾಲಿನಲ್ಲಿ ಒಂದು ಫೋನಿಗೆ ಮೂರು ನಿಮಿಷ ಎಂಬ ನನ್ನ ಕಟ್ಟೂ ಅವರ ಮೇಲೆಯೇ ಬಿದ್ದಿದೆ: ಆ ಮೂರು ನಿಮಿಷ ಗಂಡನ ಮಾತಿನಲ್ಲೇ ಮುಗಿದು, ಅದೇ ಫೋನಿನಿಂದ ಹೆಂಡತಿ ಮಾಡಿದ ಕರೆ ಹೊರಗೆ ಉಳಿದಿದೆ.

ಕಲ್ಪತರು, ತಿಪಟೂರು | ಶನಿವಾರ ರಾತ್ರಿ

ಇದಕ್ಕೆ ಆ ದನಿಯ ಎಂಬೆಡಿಂಗ್ ಉಪಯೋಗಕ್ಕೆ ಬರುತ್ತದೆ! ಮೊದಲು ಬೇಡವಾದದ್ದೇ ಈಗ ಬೇಕು. ಫೋನ್ ಸಂಖ್ಯೆಯ ಬದಲು ದನಿಯ ಗುಂಪಿನ ಪ್ರಕಾರ ಕಟ್ಟು ಹಾಕಿ. ಒಂದೇ ಸಂಖ್ಯೆಯಿಂದ ಎರಡು ದನಿ ಬಂದರೆ ಎರಡಾಗಿ ಎಣಿಕೆಯಾಗುತ್ತವೆ. ಒಳಗೆ ರಿಜಿಸ್ಟರಿನ ಖಾನೆ, ಹೊರಗೆ ದನಿಯ ಗುಂಪು. ನಾಳೆಯೇ ಆ ಕೋಡ್ ಬರೆದು ಕಳುಹಿಸುತ್ತೇನೆ.

ಸಂಶಯಪ್ಪ, ಗೌರಿಬಿದನೂರು | ಶನಿವಾರ ರಾತ್ರಿ

ಆ ಸಾಲಿಗೆ ಕಾಯುತ್ತಿದ್ದೆ, ನಿಜ. ಅದರ ಮುಂದಿನದಕ್ಕೆ ಕಾಯುತ್ತಿರಲಿಲ್ಲ. ಪರೀಕ್ಷೆಯ ಒಂದು ಗಂಟೆಯನ್ನು ಚೀಟಿ ಎತ್ತಿ ಆರಿಸದೆ ರಿಜಿಸ್ಟರ್ ನೋಡಿಯೇ ಆರಿಸಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ, ಅಲ್ಲವೇ?

ಗಡಿಮೇಷ್ಟರು, ಮುಳಬಾಗಿಲು | ಭಾನುವಾರ ಬೆಳಿಗ್ಗೆ 6:10

ತೆಲುಗು ಬೆರೆತದ್ದರ ಬಗ್ಗೆ ತೀರ್ಮಾನವಾಗಲಿಲ್ಲ. ನನ್ನ ಸಲಹೆ: ಇಟ್ಟುಕೊಳ್ಳಿ, ಕನ್ನಡ ಅಕ್ಷರದಲ್ಲೇ ಬರೆಸಿ. ನಮ್ಮ ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ, ಮಂಡಿಯ ಮಾತು ಎರಡೂ. ಅದನ್ನು ಕತ್ತರಿಸಿ ತೆಗೆದರೆ ಉಳಿಯುವುದು ಯಾರೂ ಆಡದ ಭಾಷೆ. ಪೂರ್ತಿ ತೆಲುಗಿನಲ್ಲೇ ಇರುವ ಕರೆಗಳನ್ನು ಮಾತ್ರ ಬೇರೆ ತೆಗೆದಿಡಿ, ಅವಕ್ಕೆ ಬೇರೆ ಮಾದರಿ ಇದೆ. ಬರೆಯುವುದಕ್ಕೆ ನಾನು ಸಿದ್ಧ.

ಚಂದ್ರಿಕೆ, ಶಿಡ್ಲಘಟ್ಟ | ಭಾನುವಾರ ರಾತ್ರಿ 9:15

ಹಾಗೆಯೇ ಆಗಲಿ ಮೇಷ್ಟರೇ. ಉಳಿದಿರುವುದು ನಾಲ್ಕು ಗಂಟೆ. ಅಷ್ಟನ್ನೂ ಹೆಂಗಸರ ಕರೆಗಳಿಂದಲೇ, ಕಲ್ಪತರು ಅವರ ದನಿಯ ಗುಂಪು ನೋಡಿಕೊಂಡು ಎತ್ತಿದ್ದೇವೆ. ನಾಳೆ ನಿಮಗೆ ಬರುವ ಕಡತದಲ್ಲಿ 41ನೆಯ ತುಣುಕು ಒಬ್ಬ ಅಜ್ಜಿಯದು. ಮೊದಲರ್ಧ ಕನ್ನಡ, ಬೈಗುಳ ತೆಲುಗು, ಹಿಂದೆ ಹುಳು ಮೇಯುವ ಸದ್ದು. ಊಜಿ ನೊಣಕ್ಕೆ ಬಲೆ ಕಟ್ಟದ ಮಗನನ್ನು ಬೈಯುತ್ತಿದ್ದಾರೆ. ಎಲ್ಲವನ್ನೂ ಇದ್ದ ಹಾಗೆ ಬರೆಯಿರಿ, ಬೈಗುಳವನ್ನೂ ಬಿಡಬೇಡಿ.